ಪೈಲಟ್‌ಗೂ ನಿದ್ದೆ ಬರುತ್ತದೆ

ವಿಮಾನ ಪ್ರಯಾಣ ಈಗ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಹೊಸದೇನಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಜ್ಜಿಯಿಂದ ಹಿಡಿದು, ಬೆಳಿಗ್ಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ಕೆಲಸ ಮುಗಿಸಿ ರಾತ್ರಿಯೂಟಕ್ಕೆ ಮನೆ ಸೇರುವ ವ್ಯಾಪಾರಿಯವರೆಗೆ ಎಲ್ಲರೂ ಹಾರುತ್ತಾರೆ. ಆದರೆ ಮುಂದಿನ ಮುಚ್ಚಿದ ಬಾಗಿಲಿನಾಚೆ ಕುಳಿತ ಇಬ್ಬರ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಬಿಳಿ ಅಂಗಿ, ಹೆಗಲ ಮೇಲೆ ಚಿನ್ನದ ಬಣ್ಣದ ಪಟ್ಟಿಗಳು (ನಾಲ್ಕಿದ್ದರೆ ಕ್ಯಾಪ್ಟನ್, ಮೂರಿದ್ದರೆ ಸಹಪೈಲಟ್), ಧ್ವನಿವರ್ಧಕದಲ್ಲಿ ಅರ್ಧಂಬರ್ಧ ಕೇಳಿಸುವ ಇಂಗ್ಲಿಷ್ ಮಾತು, ಅಷ್ಟೆ. ಉಳಿದದ್ದನ್ನು ನಮ್ಮ ಕಲ್ಪನೆ ತುಂಬಿಕೊಡುತ್ತದೆ: ಕೈತುಂಬ ಸಂಬಳ, ಊರೂರು ಸುತ್ತುವ ಯೋಗ, ಪಂಚತಾರಾ ಹೋಟೆಲಿನ ವಾಸ.

ವೈದ್ಯರ ಕಣ್ಣಿಗೆ ಇದೇ ಜೀವನ ಬೇರೆಯಾಗಿ ಕಾಣುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಊಟ, ಗಂಟೆಗಟ್ಟಲೆ ಒಂದೇ ಕುರ್ಚಿ, ಒಣಗಾಳಿ, ಎಲ್ಲಕ್ಕಿಂತ ಮಿಗಿಲಾಗಿ ಕಂತುಕಂತಾಗಿ ಬರುವ ನಿದ್ದೆ. ಗುಮಾಸ್ತರೊಬ್ಬರು ತೂಕಡಿಸಿದರೆ ಒಂದು ಕಡತ ತಡವಾಗುತ್ತದೆ. ಪೈಲಟ್ ತೂಕಡಿಸಿದರೆ ಹಿಂದೆ ನೂರೆಂಬತ್ತು ಮಂದಿ ಕುಳಿತಿರುತ್ತಾರೆ. ಆದ್ದರಿಂದ ಈ ವಾರ ಅವರ ಆರೋಗ್ಯದ ವಿಚಾರ. ರಾತ್ರಿ ಪಾಳಿಯ ನರ್ಸ್, ರಾತ್ರಿ ಬಸ್ಸಿನ ಚಾಲಕ, ಕಾರ್ಖಾನೆಯ ಮೂರನೇ ಪಾಳಿಯವರು ಮನೆಯಲ್ಲಿದ್ದರೆ ಅವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಒಂದು ಸಾಮಾನ್ಯ ದಿನ ಹೇಗಿರುತ್ತದೆಂದು ನೋಡೋಣ. ಬೆಳಗಿನ ಐದೂವರೆಗೆ ಬೆಂಗಳೂರಿನಿಂದ ಹೊರಡುವ ವಿಮಾನ ಎಂದುಕೊಳ್ಳಿ. ಪೈಲಟ್ ಒಂದು ಗಂಟೆ ಮೊದಲೇ ಹಾಜರಿರಬೇಕು. ಮನೆ ಜಯನಗರದಲ್ಲಿದ್ದರೆ ದೇವನಹಳ್ಳಿ ತಲುಪಲು ಇನ್ನೊಂದು ಗಂಟೆ. ಅಂದರೆ ಎರಡೂವರೆಗೆಲ್ಲ ಏಳಬೇಕು. ಹಾಜರಾದ ಕೂಡಲೇ ಉಸಿರು ಪರೀಕ್ಷೆ, ಹವಾಮಾನ ವರದಿ, ಇಂಧನದ ಲೆಕ್ಕ, ಆಮೇಲೆ ವಿಮಾನವನ್ನು ಒಂದು ಸುತ್ತು ಹಾಕಿ ಚಕ್ರ, ಎಂಜಿನ್, ರೆಕ್ಕೆಗಳನ್ನು ಕಣ್ಣಾರೆ ನೋಡುವುದು. ಹೀಗೆ ದಿನಕ್ಕೆ ಮೂರು, ನಾಲ್ಕು ಸಲ ಏರಿ ಇಳಿಯುವುದೂ ಉಂಟು. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಿಸಬಾರದೆಂಬ ನಿಯಮವಿದೆ. ಇದನ್ನು ಕೇಳಿದವರು ದಿನಕ್ಕೆ ಮೂರು ಗಂಟೆಯೂ ಆಗಲಿಲ್ಲವಲ್ಲ, ಎಂಥ ಸುಖದ ಕೆಲಸ ಎನ್ನುತ್ತಾರೆ. ಆ ಲೆಕ್ಕದಲ್ಲಿ ಸೇರುವುದು ಹಾರಾಟದ ಹೊತ್ತು ಮಾತ್ರ. ನೆಲದ ಮೇಲಿನ ತಯಾರಿ, ಕಾಯುವಿಕೆ, ಮಂಜು ಕವಿದು ತಡವಾದ ಗಂಟೆಗಳು ಅದರೊಳಗೆ ಬರುವುದಿಲ್ಲ.

ಎರಡೂವರೆಗೆ ಏಳಬೇಕಾದವರು ರಾತ್ರಿ ಎಂಟಕ್ಕೇ ಮಲಗಿದರಾಯಿತಲ್ಲ ಎಂದು ಕೇಳಬಹುದು. ಮಲಗಬಹುದು, ನಿದ್ದೆ ಬರಬೇಕಲ್ಲ! ಸಂಜೆ ಏಳರಿಂದ ಒಂಬತ್ತರವರೆಗಿನ ಹೊತ್ತಿನಲ್ಲಿ ನಮ್ಮ ದೇಹ ನಿದ್ದೆಗೆ ಸುಲಭವಾಗಿ ಒಪ್ಪುವುದಿಲ್ಲ. ಹಗಲಿಡೀ ದಣಿದವರನ್ನೂ ಎಚ್ಚರವಾಗಿಡುವ ಒಂದು ಏರ್ಪಾಟು ಮೆದುಳಿನಲ್ಲಿದೆ, ಅದು ಆಗ ಅತ್ಯಂತ ಚುರುಕಾಗಿರುತ್ತದೆ. ಹೀಗಾಗಿ ಬೆಳಗಿನ ಜಾವದ ಪಾಳಿಯವರು ಪ್ರತಿದಿನ ಎರಡು ಮೂರು ಗಂಟೆ ನಿದ್ದೆಯ ಸಾಲ ಮಾಡುತ್ತಾ ಹೋಗುತ್ತಾರೆ.

ಎತ್ತರದಲ್ಲಿ ದೇಹ

ನಿದ್ದೆಯ ಕಥೆಯನ್ನು ಮುಂದುವರಿಸುವ ಮೊದಲು ಎತ್ತರದ ಪರಿಣಾಮಗಳನ್ನು ಹೇಳಿಬಿಡುತ್ತೇನೆ. ಜೆಟ್ ವಿಮಾನ ಹಾರುವ 35,000 ಅಡಿಯಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಕಾಲು ಭಾಗ. ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ, ಆದರೂ ಅದು ನೆಲದ ಮೇಲಿನಷ್ಟಿರುವುದಿಲ್ಲ. ಹೆಚ್ಚಿನ ವಿಮಾನಗಳಲ್ಲಿ ಒಳಗಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಊಟಿಗಿಂತ ಮೇಲೆ, ದೊಡ್ಡಬೆಟ್ಟಕ್ಕಿಂತ ಸ್ವಲ್ಪ ಕೆಳಗೆ ಎನ್ನಬಹುದು. ಹೊಸ ಬೋಯಿಂಗ್ 787, ಏರ್‌ಬಸ್ 350 ಮಾದರಿಗಳಲ್ಲಿ ಇದು 6,000 ಅಡಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಗಾಳಿ ತುಂಬುವ ಏರ್ಪಾಟು ಕೆಟ್ಟರೆ 35,000 ಅಡಿಯಲ್ಲಿ ಬುದ್ಧಿ ಕೆಲಸ ಮಾಡುವುದು ಅರ್ಧದಿಂದ ಒಂದು ನಿಮಿಷ ಮಾತ್ರ. 2005ರಲ್ಲಿ ಸೈಪ್ರಸ್‌ನಿಂದ ಹೊರಟ ಹೀಲಿಯಸ್ ಏರ್‌ವೇಸ್ ವಿಮಾನದಲ್ಲಿ ಒತ್ತಡ ಏರದೆ ಪೈಲಟ್‌ಗಳು ಪ್ರಜ್ಞೆ ತಪ್ಪಿದರು, 121 ಜನ ಸತ್ತರು. ಆಮ್ಲಜನಕದ ಕೊರತೆಯ ಕೆಟ್ಟ ಗುಣವೆಂದರೆ ಅದು ನೋವು ಕೊಡುವುದಿಲ್ಲ. ಮೊದಲಿಗೆ ಸ್ವಲ್ಪ ಹಗುರವಾದಂತೆ, ಎಲ್ಲ ಸರಿಯಿದೆಯೆಂಬಂತೆ ಅನಿಸುತ್ತದೆ.

ನೆಗಡಿ ನಮಗೆ ಕ್ಷುಲ್ಲಕ ಕಾಯಿಲೆ, ಪೈಲಟ್‌ಗೆ ಹಾಗಲ್ಲ. ಮಧ್ಯಕಿವಿಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಗೆಯಿದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಏರುತ್ತಿದ್ದಂತೆ ಈ ನಳಿಗೆಯ ಮೂಲಕ ಗಾಳಿ ಒಳಸೇರಿ ಕಿವಿತಮಟೆಯ ಎರಡೂ ಬದಿ ಸಮವಾಗಬೇಕು. ನೆಗಡಿಯಿಂದ ನಳಿಗೆ ಊದಿಕೊಂಡಿದ್ದರೆ ಕಿವಿತಮಟೆ ಒಳಕ್ಕೆ ಸೆಳೆಯಲ್ಪಟ್ಟು ವಿಪರೀತ ನೋವು, ಕೆಲವೊಮ್ಮೆ ರಕ್ತಸ್ರಾವ, ತಲೆಸುತ್ತು. ಅದೂ ಇಳಿಯುವ ಹೊತ್ತಿನಲ್ಲಿ, ಗಮನ ಅತಿ ಹೆಚ್ಚು ಬೇಕಾದಾಗ. ಹೋಗಲಿ, ಔಷಧ ನುಂಗಿ ಹಾರೋಣವೆಂದರೆ ನೆಗಡಿಯ ಬಹಳಷ್ಟು ಮಾತ್ರೆಗಳು ತೂಕಡಿಕೆ ತರುತ್ತವೆ. ಆದ್ದರಿಂದ ನೆಗಡಿಯಾದ ಪೈಲಟ್‌ಗೆ ಸರಿಯಾದ ಚಿಕಿತ್ಸೆ ರಜೆ.

ಇನ್ನು ಒಣಹವೆ. ವಿಮಾನದೊಳಗಿನ ತೇವಾಂಶ ಶೇ. 20ಕ್ಕಿಂತ ಕಡಿಮೆ, ಚಾಲಕರ ಕೋಣೆಯಲ್ಲಿ ಇನ್ನೂ ಕಡಿಮೆ. ಕಣ್ಣು, ಮೂಗು, ತುಟಿ ಒಣಗುತ್ತವೆ. ಆದರೂ ನೀರು ಕುಡಿಯಲು ಹಲವರು ಹಿಂಜರಿಯುತ್ತಾರೆ, ಏಕೆಂದರೆ ಶೌಚಾಲಯಕ್ಕೆ ಹೋಗುವುದೊಂದು ಸಣ್ಣ ಸಮಾರಂಭ. 2001ರ ಅಮೆರಿಕದ ದಾಳಿಯ ನಂತರ ಆ ಕೋಣೆಯ ಬಾಗಿಲು ಭದ್ರವಾಗಿ ಬೀಗ ಹಾಕಿಕೊಂಡಿರುತ್ತದೆ, ತೆರೆಯಲು ಸಿಬ್ಬಂದಿಯನ್ನು ಕರೆಯಬೇಕು. ಬೇಡ ಈ ರಗಳೆ ಎಂದು ನೀರು ಬಿಟ್ಟವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಹಾರಾಟದ ನಡುವೆ ಕಲ್ಲಿನ ನೋವು ಬಂದರೆ ಎಂಥ ಗಟ್ಟಿಗರೂ ಮುದುಡಿ ಕೂರುತ್ತಾರೆ. ಅದಕ್ಕೇ ತಪಾಸಣೆಯಲ್ಲಿ ಕಲ್ಲು ಕಂಡರೆ ಅದು ಇತ್ಯರ್ಥವಾಗುವವರೆಗೆ ಸಾಮಾನ್ಯವಾಗಿ ನೆಲದ ಮೇಲೇ ಇರಬೇಕಾಗುತ್ತದೆ.

ಊಟದಲ್ಲೂ ಒಂದು ಪದ್ಧತಿಯಿದೆ: ಇಬ್ಬರೂ ಒಂದೇ ಅಡುಗೆ ಉಣ್ಣುವುದಿಲ್ಲ. ಆಯ್ಕೆ ಮೊದಲು ಕ್ಯಾಪ್ಟನ್‌ದು, ಉಳಿದದ್ದು ಸಹಪೈಲಟ್‌ಗೆ ಎಂದು ಅವರವರಲ್ಲೇ ತಮಾಷೆ ಮಾಡಿಕೊಳ್ಳುತ್ತಾರೆ. ಪದ್ಧತಿಯ ಹಿಂದೆ ಗಟ್ಟಿ ಕಾರಣವಿದೆ. 1975ರ ಫೆಬ್ರುವರಿಯಲ್ಲಿ ಅಲಾಸ್ಕದ ಆಂಕರೇಜ್‌ನಿಂದ ಕೋಪನ್‌ಹೇಗನ್‌ಗೆ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ಬೆಳಗಿನ ಉಪಾಹಾರ ತಿಂದ 197 ಜನ ವಾಂತಿಭೇದಿಯಿಂದ ನರಳಿದರು, 144 ಮಂದಿ ಆಸ್ಪತ್ರೆ ಸೇರಿದರು. ಅಡುಗೆಯವರೊಬ್ಬರ ಬೆರಳಿನ ಕೀವುಗಾಯದಿಂದ ಆಹಾರಕ್ಕೆ ಸೋಂಕು ತಗುಲಿತ್ತು. ಪೈಲಟ್‌ಗಳು ಪಾರಾದದ್ದು ಹೇಗೆ ಗೊತ್ತೆ? ಅವರ ದೇಹದ ಗಡಿಯಾರದಲ್ಲಿ ಅದು ರಾತ್ರಿಯೂಟದ ಹೊತ್ತು, ಹಾಗಾಗಿ ಅವರು ಬೇರೆ ಊಟ ಮಾಡಿದ್ದರು.

ದೇಹದ ಗಡಿಯಾರ

ಆ ಗಡಿಯಾರವೇ ಈ ಲೇಖನದ ಮುಖ್ಯ ವಿಷಯ. ಮೆದುಳಿನ ಬುಡದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಜೀವಕೋಶಗಳ ಗುಂಪೊಂದಿದೆ. ನಿದ್ದೆ, ಎಚ್ಚರ, ದೇಹದ ಉಷ್ಣತೆ, ಹಸಿವು, ಹಾರ್ಮೋನುಗಳ ಏರಿಳಿತ ಎಲ್ಲವನ್ನೂ ಸುಮಾರು ಇಪ್ಪತ್ನಾಲ್ಕು ಗಂಟೆಯ ತಾಳಕ್ಕೆ ಕೂರಿಸುವುದು ಇದರ ಕೆಲಸ. ಬೆಳಕು ಇದಕ್ಕೆ ಕೀಲಿ ಕೊಡುತ್ತದೆ. ಈ ತಾಳದ ಒಳಗುಟ್ಟನ್ನು ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ಬೆಳಗಿನ ಜಾವ ಎರಡರಿಂದ ಆರರವರೆಗೆ ಈ ಗಡಿಯಾರ ನಮ್ಮನ್ನು ಎಲ್ಲಕ್ಕಿಂತ ಕೆಳಗೆ ಇಳಿಸಿರುತ್ತದೆ. ದೇಹದ ಉಷ್ಣತೆ ಕನಿಷ್ಠ, ಎಚ್ಚರ ಕನಿಷ್ಠ, ಲೆಕ್ಕಾಚಾರ ನಿಧಾನ. ಹಗಲು ಚೆನ್ನಾಗಿ ಮಲಗಿ ಬಂದವರಿಗೂ ಈ ಹೊತ್ತಿನಲ್ಲಿ ಕಣ್ಣು ಎಳೆಯುತ್ತದೆ. ಇದಕ್ಕೂ ಇಚ್ಛಾಶಕ್ತಿಗೂ ಸಂಬಂಧವಿಲ್ಲ. ಬೇರೆ ದೇಶಕ್ಕೆ ಹೋದರೆ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಹೊಂದುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆ ಹಾರಿಸಿಕೊಂಡು ಬಂದರು. ಇಂಥ ದೂರದ ಹಾರಾಟಗಳಲ್ಲಿ ನಾಲ್ವರು ಪೈಲಟ್‌ಗಳಿದ್ದು, ಸರದಿಯಂತೆ ಮಲಗಲು ವಿಮಾನದಲ್ಲೇ ಹಾಸಿಗೆಯಿರುತ್ತದೆ. ಆ ಎರಡು ಊರುಗಳ ನಡುವೆ ಸುಮಾರು ಹದಿಮೂರು ಗಂಟೆಯ ವ್ಯತ್ಯಾಸ, ಹಗಲು ರಾತ್ರಿ ಪೂರ್ತಿ ತಿರುವುಮುರುವು. ಎರಡು ದಿನ ಅಲ್ಲಿ ತಂಗಿ ಮರಳುವವರ ದೇಹ ಅಲ್ಲಿಯದೂ ಅಲ್ಲ, ಇಲ್ಲಿಯದೂ ಅಲ್ಲ.

ನಿದ್ದೆಗೆಟ್ಟರೆ ಎಷ್ಟು ಅಪಾಯ? 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಳೆದರು. ಹದಿನೇಳು ಗಂಟೆ ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿದ್ದವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ದೇಶದಲ್ಲಿ ರಸ್ತೆಯ ಮೇಲೆ ಕಾರು ಓಡಿಸುವವರಿಗೇ ಮಿತಿ ಶೇ. 0.03. ಪೈಲಟ್‌ಗಳಿಗಂತೂ ಹಾರಾಟಕ್ಕೆ ಮುನ್ನ ಹನ್ನೆರಡು ಗಂಟೆ ಮದ್ಯ ನಿಷಿದ್ಧ, ಉಸಿರು ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮದ್ಯವನ್ನು ಹಿಡಿಯುವ ಯಂತ್ರ ಬಾಗಿಲಲ್ಲೇ ಇದೆ. ನಿದ್ದೆಗೇಡನ್ನು ಹಿಡಿಯುವ ಯಂತ್ರ ಯಾವ ನಿಲ್ದಾಣದಲ್ಲೂ ಇಲ್ಲ. ಅಲ್ಲಿ ಪೈಲಟ್‌ನ ಮಾತನ್ನೇ ನಂಬಬೇಕು.

ನಮ್ಮ ನಾಡಿನವರು ಇದನ್ನು ಮರೆಯುವಂತಿಲ್ಲ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯಲ್ಲಿ ಓಡುಹಾದಿ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು ಎಂಟು ಮಂದಿ. ಆಗ ಬೆಳಿಗ್ಗೆ ಆರು ಗಂಟೆ ಕಳೆದು ಕೆಲವೇ ನಿಮಿಷ. ವಿಚಾರಣಾ ಸಮಿತಿ ಮುದ್ರಿತ ಧ್ವನಿಯನ್ನು ಕೇಳಿದಾಗ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ನಿದ್ರಿಸಿದ್ದರೆಂಬುದು ಗೊರಕೆಯಿಂದಲೇ ತಿಳಿಯಿತು. ವಿಮಾನ ತೀರಾ ಎತ್ತರದಲ್ಲಿ ಬರುತ್ತಿತ್ತು. ಇಳಿಸುವುದು ಬೇಡ, ಮತ್ತೊಂದು ಸುತ್ತು ಹಾಕೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸುವುದನ್ನು ಕೈಬಿಡದಿದ್ದುದೇ ನೇರ ಕಾರಣ, ದೀರ್ಘ ನಿದ್ದೆಯ ನಂತರದ ಮಂಪರು ಅದಕ್ಕೆ ಪೂರಕವಾಯಿತು ಎಂದು ಸಮಿತಿ ಹೇಳಿತು.

ಈ ಮಂಪರನ್ನು ನಾವೆಲ್ಲ ಅನುಭವಿಸಿದ್ದೇವೆ. ಮಧ್ಯಾಹ್ನ ಗಾಢವಾಗಿ ಮಲಗಿದವರನ್ನು ಯಾರಾದರೂ ಎಬ್ಬಿಸಿದರೆ ಯಾವ ಹೊತ್ತು, ಯಾವ ವಾರ ಎಂದು ಹೊಳೆಯಲು ಸ್ವಲ್ಪ ಸಮಯ ಬೇಕು. ಕಣ್ಣು ತೆರೆದಿದೆ, ಮಾತಾಡುತ್ತಿದ್ದೇವೆ, ಆದರೆ ತೀರ್ಮಾನಿಸುವ ಶಕ್ತಿ ಇನ್ನೂ ಎದ್ದಿಲ್ಲ. ನಿದ್ದೆ ಆಳವಾದಷ್ಟೂ ಮಂಪರು ಹೆಚ್ಚು, ಅರ್ಧ ಗಂಟೆಯವರೆಗೂ ಉಳಿಯಬಹುದು. ಅಂಥ ಹೊತ್ತಿನಲ್ಲಿ ಮನುಷ್ಯ ಹಿಡಿದ ಹಟವನ್ನೇ ಮುಂದುವರಿಸುತ್ತಾನೆ, ಪಕ್ಕದವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ಹಾಗಾದರೆ ಪೈಲಟ್‌ಗಳು ಕೂತಲ್ಲಿ ಕಣ್ಣು ಮುಚ್ಚಲೇಬಾರದೆ? ಇಲ್ಲಿ ವಿಜ್ಞಾನ ನಮ್ಮ ಊಹೆಗೆ ವಿರುದ್ಧವಾದದ್ದನ್ನು ಹೇಳುತ್ತದೆ. ಅಮೆರಿಕದ ನಾಸಾ ಸಂಸ್ಥೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದ ಹಾರಾಟದ ಪೈಲಟ್‌ಗಳಿಗೆ ಕುರ್ಚಿಯಲ್ಲೇ 40 ನಿಮಿಷದ ವಿರಾಮ ಕೊಟ್ಟರು. ಅವರು ಸರಾಸರಿ 26 ನಿಮಿಷ ನಿದ್ರಿಸಿದರು. ಹಾಗೆ ನಿದ್ರಿಸಿದವರು ಇಳಿಯುವ ಹೊತ್ತಿನಲ್ಲಿ, ನಿದ್ರಿಸದವರಿಗಿಂತ ಎಷ್ಟೋ ಚುರುಕಾಗಿದ್ದರು. ಚುಟುಕು ನಿದ್ದೆ ಆಳಕ್ಕಿಳಿಯುವುದಿಲ್ಲ, ಹಾಗಾಗಿ ಮಂಪರೂ ಕಡಿಮೆ. ಹಲವು ದೇಶಗಳು ಇದಕ್ಕೆ ಕಟ್ಟುನಿಟ್ಟಿನ ನಿಯಮಗಳೊಂದಿಗೆ ಒಪ್ಪಿಗೆ ಕೊಟ್ಟಿವೆ: ಒಬ್ಬರು ಮಾತ್ರ ಮಲಗಬೇಕು, ಇನ್ನೊಬ್ಬರಿಗೆ ಮೊದಲೇ ತಿಳಿಸಬೇಕು, ಎದ್ದ ಮೇಲೆ ಸ್ವಲ್ಪ ಹೊತ್ತು ಹೊಣೆ ವಹಿಸಿಕೊಳ್ಳಬಾರದು, ಇಳಿಯುವುದಕ್ಕೆ ಸಾಕಷ್ಟು ಮೊದಲೇ ಏಳಬೇಕು. ಅಧ್ಯಯನ ಮಾಡಿದ ಅಮೆರಿಕವೇ ತನ್ನ ವಿಮಾನ ಸಂಸ್ಥೆಗಳಿಗೆ ಇದನ್ನು ಒಪ್ಪಿಲ್ಲ ಎನ್ನುವುದು ಒಂದು ವಿಚಿತ್ರ. ನನ್ನ ಅಭಿಪ್ರಾಯ ಕೇಳಿದರೆ, ಹೇಳಿ ಮಲಗುವುದು ಹೇಳದೆ ತೂಕಡಿಸುವುದಕ್ಕಿಂತ ಸಾವಿರ ಪಾಲು ಮೇಲು.

ಹೇಳದೆ ತೂಕಡಿಸುವುದು ಹೇಗೆ ಆಗುತ್ತದೆ ಎಂಬುದಕ್ಕೆ 2024ರ ಜನವರಿಯ ಒಂದು ಪ್ರಸಂಗವಿದೆ. ಇಂಡೋನೇಷ್ಯಾದ ಬಾಟಿಕ್ ಏರ್ ವಿಮಾನವೊಂದರಲ್ಲಿ ಕ್ಯಾಪ್ಟನ್ ಸಹಪೈಲಟ್‌ಗೆ ಹೇಳಿಯೇ ಮಲಗಿದರು. ಸ್ವಲ್ಪ ಹೊತ್ತಿನಲ್ಲಿ ಸಹಪೈಲಟ್‌ಗೂ ಗೊತ್ತಿಲ್ಲದೆ ನಿದ್ದೆ ಹತ್ತಿತು. 28 ನಿಮಿಷ ನೆಲದಿಂದ ಕರೆದರೂ ಉತ್ತರವಿಲ್ಲ. ಎಚ್ಚರವಾದಾಗ ವಿಮಾನ ದಾರಿ ಬಿಟ್ಟಿತ್ತು. ದೇವರ ದಯೆ, 153 ಪ್ರಯಾಣಿಕರೂ ಸುರಕ್ಷಿತವಾಗಿ ಇಳಿದರು. ತನಿಖೆಯಲ್ಲಿ ತಿಳಿದ ಸಂಗತಿಯೊಂದು ನಮ್ಮ ಮನೆಗಳಿಗೆ ಮುಖ್ಯ: ಆ ಸಹಪೈಲಟ್ ಮನೆಯಲ್ಲಿ ಒಂದು ತಿಂಗಳ ಅವಳಿ ಕೂಸುಗಳಿದ್ದವು. ರಾತ್ರಿ ಹೆಂಡತಿಗೆ ನೆರವಾಗುತ್ತ ಎದ್ದೆದ್ದು ಅವರ ನಿದ್ದೆ ಚೂರುಚೂರಾಗಿತ್ತು. ಕೂಸು ಎತ್ತಿಕೊಂಡದ್ದು ತಪ್ಪಲ್ಲ, ಒಳ್ಳೆಯ ತಂದೆ. ಆ ಬೆಳಿಗ್ಗೆ ಕೆಲಸಕ್ಕೆ ಬರಲಾರೆ ಎನ್ನುವುದು ಅವರಿಗೆ ಸಾಧ್ಯವಾಗಬೇಕಿತ್ತು.

ನಿಯಮಗಳು ಸುಧಾರಿಸುತ್ತಿವೆ, ಆದರೆ ಜಗ್ಗಾಟದ ನಡುವೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿಯ ಇಳಿತಗಳನ್ನು ಕಡಿತಗೊಳಿಸಿತು. ಅವು ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರ್‌ನಲ್ಲಿ, ಎರಡು ಹಂತದಲ್ಲಿ. ಡಿಸೆಂಬರ್‌ನಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಗೆ ಪೈಲಟ್‌ಗಳು ಸಾಲದೆ ಸಾವಿರಾರು ಹಾರಾಟ ರದ್ದಾಗಿ, ಮದುವೆಗೆ ಹೊರಟವರೂ ಪರೀಕ್ಷೆಗೆ ಹೊರಟವರೂ ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದ್ದನ್ನು ಪತ್ರಿಕೆಯಲ್ಲಿ ನೋಡಿದ್ದೀರಿ. ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಪ್ರಯಾಣಿಕರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ವಿಶ್ರಾಂತಿಯ ನಿಯಮದ ಮೇಲೆ ತಿರುಗಬಾರದು.

ಹರಟೆಯ ಮರೆಯಲ್ಲಿ

ಪೈಲಟ್‌ಗಳು ಕೆಲಸ ಮುಗಿದ ಮೇಲೆ ಬಲು ಹರಟೆಮಲ್ಲರು. ನೆಲದಿಂದ 10,000 ಅಡಿಯವರೆಗೆ ಕೆಲಸಕ್ಕೆ ಸಂಬಂಧಿಸದ ಮಾತು ಆಡಬಾರದೆಂಬ ನಿಯಮವಿರುವುದರಿಂದ, ಬಾಯಿಗೆ ಹಾಕಿದ ಬೀಗ ಹೋಟೆಲಿಗೆ ಹೋಗುವ ವ್ಯಾನಿನಲ್ಲಿ ಕಳಚುತ್ತದೆ. ಯಾವ ಊರಿನ ಹೋಟೆಲಿನಲ್ಲಿ ಇಡ್ಲಿ ಕಲ್ಲಾಗಿರುತ್ತದೆ, ಮುಂದಿನ ತಿಂಗಳ ಪಾಳಿಪಟ್ಟಿಯಲ್ಲಿ ಯಾರಿಗೆ ದೀಪಾವಳಿ ರಜೆ ಸಿಕ್ಕಿತು, ಯಾರು ಹೋಟೆಲಿನಲ್ಲಿ ಹಿಂದಿನ ರಾತ್ರಿಯ ಊರಿನ ಕೋಣೆ ಸಂಖ್ಯೆ ನೆನಪಿಟ್ಟುಕೊಂಡು ಬೇರೆಯವರ ಬಾಗಿಲಿಗೆ ಕೀಲಿ ಹಾಕಿದರು, ಇಂಥವು. ಅವರ ವಲಯದ ಹಳೆಯ ಚಟಾಕಿಯೊಂದು: ಮುಂದಿನ ಕಾಲದ ವಿಮಾನದಲ್ಲಿ ಒಬ್ಬ ಪೈಲಟ್, ಒಂದು ನಾಯಿ ಇರುತ್ತವಂತೆ. ಪೈಲಟ್‌ನ ಕೆಲಸ ನಾಯಿಗೆ ಅನ್ನ ಹಾಕುವುದು, ನಾಯಿಯ ಕೆಲಸ ಪೈಲಟ್ ಯಾವುದಾದರೂ ಗುಂಡಿ ಮುಟ್ಟಿದರೆ ಕಚ್ಚುವುದು.

ಹಾರಾಟದ ನಡುವಿನ ಹರಟೆಗೂ ವೈದ್ಯಕೀಯ ಬೆಲೆಯಿದೆ. ರಾತ್ರಿಯ ಮಂದ ಬೆಳಕಿನಲ್ಲಿ ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವಾಗ ಇಬ್ಬರನ್ನೂ ಎಚ್ಚರವಾಗಿಡುವುದು ಮಾತು. ಅತಿಯಾದರೆ ಅದೂ ಕಷ್ಟ. 2009ರಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಸಂಸ್ಥೆಯ ಇಬ್ಬರು ಪೈಲಟ್‌ಗಳು ಲ್ಯಾಪ್‌ಟಾಪ್ ತೆರೆದು ಪಾಳಿಪಟ್ಟಿಯ ಚರ್ಚೆಯಲ್ಲಿ ಮುಳುಗಿ, ಇಳಿಯಬೇಕಾದ ಮಿನಿಯಾಪೊಲಿಸ್ ಊರನ್ನು ದಾಟಿ 150 ಮೈಲಿ ಮುಂದೆ ಹೋಗಿದ್ದರು.

ಅವರ ಹರಟೆಯಲ್ಲಿ ಮತ್ತೆ ಮತ್ತೆ ಬರುವ ಪಾತ್ರ ವೈದ್ಯ. ನೀವು ಸರಿಯಾಗಿದ್ದು ವೈದ್ಯರ ಬಳಿ ಹೋದರೆ ಹೆಚ್ಚೆಂದರೆ ಸರಿಯಾಗಿಯೇ ಹೊರಬರುತ್ತೀರಿ, ಅದಕ್ಕಿಂತ ಒಳ್ಳೆಯದು ಆಗುವ ಸಂಭವವೇ ಇಲ್ಲ ಎನ್ನುತ್ತಾರೆ. ನಗು ಬರುತ್ತದೆ, ಆದರೆ ಇದರಲ್ಲಿ ಹೆದರಿಕೆಯಿದೆ. ಪೈಲಟ್‌ಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಅರವತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ ತೇರ್ಗಡೆಯಾಗಬೇಕು. ಕಣ್ಣು, ಕಿವಿ, ಹೃದಯ, ರಕ್ತ, ಮೂತ್ರ ಎಲ್ಲವೂ. ನಮ್ಮ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆ (1957ರಲ್ಲಿ ವಾಯುಪಡೆ ಸ್ಥಾಪಿಸಿದ್ದು) ಇದರಲ್ಲಿ ದೇಶಕ್ಕೇ ಹಿರಿಯದು. ತೇರ್ಗಡೆಯಾಗದಿದ್ದರೆ ಆ ದಿನದಿಂದಲೇ ಹಾರುವಂತಿಲ್ಲ. ಬ್ಯಾಂಕಿನ ಸಾಲ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಆ ಒಂದು ಕಾಗದದ ಮೇಲೆ ನಿಂತಿರುತ್ತವೆ. (ಮಕ್ಕಳನ್ನು ಪೈಲಟ್ ಮಾಡಬೇಕೆಂದಿರುವ ತಂದೆತಾಯಿ, ತರಬೇತಿ ಶಾಲೆಗೆ ಲಕ್ಷಗಟ್ಟಲೆ ಕಟ್ಟುವ ಮೊದಲೇ ಈ ಪರೀಕ್ಷೆ ಮಾಡಿಸಿ. ಕನ್ನಡಕ ಅಡ್ಡಿಯಲ್ಲ, ಇನ್ನೊಂದು ಜೊತೆ ಜೇಬಿನಲ್ಲಿರಬೇಕು ಅಷ್ಟೆ. ಕೆಂಪು ಹಸಿರು ಗುರುತಿಸಲಾಗದ ಬಣ್ಣಗುರುಡು ಮಾತ್ರ ದೊಡ್ಡ ಅಡ್ಡಿ.)

ಹೀಗಾಗಿ ನನ್ನಂಥ ಸಾಮಾನ್ಯ ವೈದ್ಯರ ಬಳಿ ಪೈಲಟ್‌ಗಳು ಬರುವ ರೀತಿಯೇ ಬೇರೆ. "ಡಾಕ್ಟ್ರೇ, ನನಗಲ್ಲ, ನನ್ನ ಸ್ನೇಹಿತನೊಬ್ಬನಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದಂತೆ" ಎನ್ನುತ್ತಾರೆ. ಆ ಸ್ನೇಹಿತನ ವಯಸ್ಸು, ತೂಕ, ಸಿಗರೇಟಿನ ಲೆಕ್ಕ ಎಲ್ಲ ಇವರಿಗೆ ಕರಾರುವಾಕ್ಕಾಗಿ ಗೊತ್ತಿರುತ್ತದೆ! ಕೆಲವರು ಹೆಂಡತಿಯ ಹೆಸರಿನಲ್ಲಿ ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ನೋಡುತ್ತಾರೆ. ಇದು ಅವರಿಗೂ ಒಳ್ಳೆಯದಲ್ಲ, ಹಿಂದೆ ಕೂತವರಿಗೂ ಅಲ್ಲ. 2023ರ ಆಗಸ್ಟ್‌ನಲ್ಲಿ ನಾಗಪುರದ ನಿಲ್ದಾಣದಲ್ಲಿ ವಿಮಾನ ಹತ್ತಬೇಕಿದ್ದ ಪೈಲಟ್ ಒಬ್ಬರು ಬಾಗಿಲ ಬಳಿಯೇ ಕುಸಿದು ತೀರಿಕೊಂಡರು. ತಪಾಸಣೆ ಎಷ್ಟು ಕಟ್ಟುನಿಟ್ಟಾಗಿದ್ದರೂ ಅದು ವರ್ಷದ ಒಂದು ದಿನದ ಚಿತ್ರ.

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಮುಚ್ಚಿಡುವುದು ಇನ್ನೂ ಹೆಚ್ಚು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ಸಂಸ್ಥೆಯ ಸಹಪೈಲಟ್ ಒಬ್ಬರು ಕ್ಯಾಪ್ಟನ್ ಹೊರಗೆ ಹೋದಾಗ ಬಾಗಿಲು ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದರು, 150 ಜನ ಸತ್ತರು. ಅವರಿಗೆ ಮಾನಸಿಕ ಕಾಯಿಲೆಯಿತ್ತು, ಖಾಸಗಿ ವೈದ್ಯರು ರಜೆಯ ಚೀಟಿ ಬರೆದಿದ್ದರು, ಅದು ಸಂಸ್ಥೆಗೆ ತಿಳಿಯಲೇ ಇಲ್ಲ. ಖಿನ್ನತೆಯುಳ್ಳವರೆಲ್ಲ ಹೀಗೆ ಮಾಡುತ್ತಾರೆಂದು ತಿಳಿಯುವುದು ದೊಡ್ಡ ಅನ್ಯಾಯ. ಹೀಗೆ ನಡೆಯುವುದು ಅತಿ ವಿರಳ. ಹೇಳಿಕೊಂಡರೆ ಕೆಲಸ ಹೋಗುತ್ತದೆಂಬ ಭಯ ದೊಡ್ಡದಾದಷ್ಟೂ ಮುಚ್ಚಿಡುವುದು ಹೆಚ್ಚುತ್ತದೆ, ಅಪಾಯವಿರುವುದು ಅಲ್ಲಿ. ಅಮೆರಿಕ 2010ರಿಂದಲೇ ಖಿನ್ನತೆಯ ಕೆಲವು ಔಷಧಗಳನ್ನು ತೆಗೆದುಕೊಳ್ಳುವವರಿಗೂ ಷರತ್ತಿನ ಮೇಲೆ ಹಾರಲು ಅವಕಾಶ ಕೊಟ್ಟಿದೆ. ಯೂರೋಪಿನಲ್ಲಿ ಪೈಲಟ್‌ಗಳು ತಮ್ಮ ಜೊತೆಗಾರ ಪೈಲಟ್‌ಗಳೊಂದಿಗೇ ಗುಟ್ಟಾಗಿ ಕಷ್ಟ ಹೇಳಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಗಿದೆ.

ಪೈಲಟ್ ಇರುವ ಮನೆಯವರು ತಿಳಿದಿರಬೇಕಾದ್ದು, ಅನೇಕ ಕಾಯಿಲೆಗಳು ಕೆಲಸವನ್ನು ಶಾಶ್ವತವಾಗಿ ಕಸಿಯುವುದಿಲ್ಲ. ತಾತ್ಕಾಲಿಕವಾಗಿ ಅನರ್ಹರು ಎಂಬ ವರ್ಗವೇ ಇದೆ. ಹತೋಟಿಗೆ ಬಂದ ರಕ್ತದೊತ್ತಡ, ಥೈರಾಯಿಡ್ ತೊಂದರೆ, ಮಾತ್ರೆಯಲ್ಲಿ ನಿಯಂತ್ರಣದಲ್ಲಿರುವ ಸಿಹಿಮೂತ್ರ ಇವುಗಳ ನಂತರ ಎಷ್ಟೋ ಜನ ಮತ್ತೆ ಹಾರುತ್ತಾರೆ.

ಮನೆಯವರಿಗೆ ಮಾತ್ರ ಗೊತ್ತಾಗುವ ಕಾಯಿಲೆಯೊಂದಿದೆ, ಅದು ಗೊರಕೆ. ಎಲ್ಲ ಗೊರಕೆಯೂ ಕಾಯಿಲೆಯಲ್ಲ. ಜೋರಾಗಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ನಿಂತು, ಆಮೇಲೆ ಬೆಚ್ಚಿ ಉಸಿರೆಳೆದುಕೊಳ್ಳುವುದಿದ್ದರೆ ಅದು ನಿದ್ರಾಶ್ವಾಸ ತಡೆಯಾಗಿರಬಹುದು. ಎಂಟು ಗಂಟೆ ಮಲಗಿದರೂ ಅವರ ಮೆದುಳು ರಾತ್ರಿಯಿಡೀ ಎಚ್ಚರಗೊಳ್ಳುತ್ತಲೇ ಇರುತ್ತದೆ, ಹಗಲು ತೂಕಡಿಕೆ, ರಕ್ತದೊತ್ತಡ ಏರಿಕೆ. ಹೊಟ್ಟೆ, ಕತ್ತು ದಪ್ಪವಾದವರಲ್ಲಿ ಇದು ಹೆಚ್ಚು, ಹೋಟೆಲೂಟದ ಪೈಲಟ್‌ಗಳಲ್ಲಿ ಅಂಥವರು ಕಡಿಮೆಯೇನಿಲ್ಲ. ಮಲಗಿದವರಿಗೆ ಇದರ ಅರಿವಿರುವುದಿಲ್ಲ, ಪಕ್ಕದಲ್ಲಿ ಮಲಗಿದವರು ಹೇಳಬೇಕು. ತೂಕ ಇಳಿಸಿ, ರಾತ್ರಿ ಮುಖವಾಡದ ಮೂಲಕ ಗಾಳಿ ಒತ್ತುವ ಯಂತ್ರ ಬಳಸಿದರೆ ಚೆನ್ನಾಗಿ ಹತೋಟಿಗೆ ಬರುತ್ತದೆ.

ಹಗಲು ನಿದ್ದೆಗೆ ಮನೆಯ ಸಹಕಾರ ಬೇಕು. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದವರನ್ನು ನೋಡಿ "ಹೊತ್ತೇರಿದರೂ ಎದ್ದಿಲ್ಲ" ಎನ್ನುವ ಅತ್ತೆ, ಹತ್ತು ಗಂಟೆಗೆ ಗ್ಯಾಸ್ ಸಿಲಿಂಡರಿನವರು ಒತ್ತುವ ಕರೆಗಂಟೆ, ಕುಕ್ಕರಿನ ಸೀಟಿ, ಇವೆಲ್ಲ ನಿದ್ದೆಯನ್ನು ಕತ್ತರಿಸುತ್ತವೆ. ಸೊಸೆಯೇ ಪೈಲಟ್ ಆಗಿದ್ದರೆ ಪಾಡು ಇನ್ನೂ ಕಷ್ಟ: ರಾತ್ರಿ ವಿಮಾನ, ಬೆಳಿಗ್ಗೆ ತಿಂಡಿ ಎರಡನ್ನೂ ಅವಳಿಂದ ನಿರೀಕ್ಷಿಸುವ ಮನೆಗಳಿವೆ. ಕೋಣೆಗೆ ದಪ್ಪ ಪರದೆ ಹಾಕಿ ಕತ್ತಲು ಮಾಡಿ, ಫೋನು ಹೊರಗಿರಲಿ. ಮಲಗುವುದಕ್ಕೆ ಆರು ಗಂಟೆ ಮೊದಲೇ ಕಾಫಿ ನಿಲ್ಲಲಿ, ಏಕೆಂದರೆ ಕುಡಿದ ಕಾಫಿಯ ಅರ್ಧ ಸತ್ವ ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ರಾತ್ರಿ ಪಾಳಿಗೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದರೆ ಬಹಳ ಉಪಯೋಗ. ನಿದ್ದೆಮಾತ್ರೆ ಸ್ವಂತ ತೀರ್ಮಾನದಿಂದ ಬೇಡವೇ ಬೇಡ. ಕೆಮ್ಮಿನ ಔಷಧ, ಬಾಯಿ ಮುಕ್ಕಳಿಸುವ ದ್ರಾವಣ ಕೂಡ ಪೈಲಟ್‌ಗೆ ಕೊಡುವ ಮುನ್ನ ಶೀಶೆಯ ಚೀಟಿ ಓದಿ. ಹಲವುಗಳಲ್ಲಿ ಮದ್ಯಸಾರವಿರುತ್ತದೆ, ಉಸಿರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಮೂರು ತಿಂಗಳು ಅಮಾನತು.

ರಾತ್ರಿ ಹಾರಾಟ ಮುಗಿಸಿ ಬರುವವರು ತಾವೇ ಕಾರು ಓಡಿಸಿಕೊಂಡು ಬರಬಾರದು. ಸಂಸ್ಥೆಯ ವಾಹನವಿದ್ದರೆ ಅದರಲ್ಲಿ, ಇಲ್ಲವಾದರೆ ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಬರಲಿ. ವಿಮಾನದಲ್ಲಿ ಪಕ್ಕದಲ್ಲೊಬ್ಬ ಸಹಪೈಲಟ್ ಇರುತ್ತಾರೆ, ಕಾರಿನಲ್ಲಿ ಯಾರೂ ಇರುವುದಿಲ್ಲ.